ಎಪ್ಸನ್ ವಿ600: ಟ್ರಂಕಿನಲ್ಲಿರುವ ಕ್ಯಾನ್‌ಬೆರಾ ಫೋಟೊಗಳಿಗೆ ಈ ಸ್ಕ್ಯಾನರ್ ಸಾಕೇ?

ಕ್ಯಾನ್‌ಬೆರಾ ಬಾಂಬರ್ ನಮ್ಮ ವಾಯುಪಡೆಗೆ ಬಂದದ್ದು 1957ರಲ್ಲಿ, ಕೊನೆಯದಾಗಿ ಆಗ್ರಾದಲ್ಲಿ ಬೀಳ್ಕೊಂಡದ್ದು 2007ರ ಮೇ 11ರಂದು. ಐವತ್ತು ವರ್ಷ! ಹಾಗಾಗಿ ಅದನ್ನು ಹಾರಿಸಿದವರ, ಅದರ ಎಂಜಿನ್ ಬಿಚ್ಚಿ ಜೋಡಿಸಿದವರ ಮನೆಯ ಟ್ರಂಕಿನಲ್ಲಿ ಒಂದೇ ಬಗೆಯ ಫೋಟೊ ಇರುವುದಿಲ್ಲ. ತಳದಲ್ಲಿ ಅಗ್ಫಾ ಕ್ಲಿಕ್-3ರಂಥ ಡಬ್ಬಾ ಕ್ಯಾಮೆರಾದ 120 ರೋಲಿನ ಕಪ್ಪು-ಬಿಳುಪು ನೆಗೆಟಿವ್, ಅದರ ಮೇಲೆ ಊಟಿಯಲ್ಲಿ ತಯಾರಾದ ಇಂದು ಫಿಲ್ಮಿನ ರೋಲು, ನಡುವೆ ಒಂದಷ್ಟು ಬಣ್ಣದ ಸ್ಲೈಡು, ಮೇಲಕ್ಕೆ ಎಂಬತ್ತು-ತೊಂಬತ್ತರ ದಶಕದ ಕಲರ್ ಪ್ರಿಂಟು. ಇಷ್ಟನ್ನೂ ಒಂದೇ ಯಂತ್ರದಲ್ಲಿ ಮುಗಿಸಬೇಕು ಎನ್ನುವವರ ಕಣ್ಣು ಮೊದಲು ಬೀಳುವುದು ಎಪ್ಸನ್ ಪರ್ಫೆಕ್ಷನ್ ವಿ600 ಮೇಲೆ. ಪ್ರಿಂಟಿಗೂ 120 ನೆಗೆಟಿವ್‌ಗೂ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. 35 ಎಂಎಂ ಫಿಲ್ಮಿಗೆ ಅರ್ಧ ಮನಸ್ಸಿನಿಂದ ಹೂಂ ಎನ್ನಬಹುದು. ಕಡುಗಪ್ಪು ಭಾಗಗಳಿರುವ ಸ್ಲೈಡಿಗೆ ಬೇಡ.

ಇದಕ್ಕೆ 6400 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಎಂಬ ಅಂಕಿ ಅಂಟಿಕೊಂಡಿದೆ. ಅದನ್ನು ಮರೆತುಬಿಡಿ. ಪರೀಕ್ಷಾ ಪಟ್ಟಿ ಇಟ್ಟು ಅಳೆದರೆ ಈ ಯಂತ್ರ ನಿಜವಾಗಿ ಬಿಡಿಸಿ ತೋರಿಸುವುದು 1500-1600 ಡಿಪಿಐನಷ್ಟು ವಿವರವನ್ನು ಮಾತ್ರ. 6400ರಲ್ಲಿ 35 ಎಂಎಂನ ಒಂದು ಫ್ರೇಮ್ ಹಿಡಿದರೆ 48 ಬಿಟ್‌ನಲ್ಲಿ ಸುಮಾರು 330 ಎಂಬಿಯ ಫೈಲ್ ಬರುತ್ತದೆ. ಹಾರ್ಡ್ ಡಿಸ್ಕ್ ತುಂಬುತ್ತದೆಯೇ ಹೊರತು ವಿಮಾನದ ಒಂದು ರಿವೆಟ್ಟೂ ಹೆಚ್ಚಿಗೆ ಕಾಣುವುದಿಲ್ಲ.

ಹಾಗಾದರೆ ಎಷ್ಟು ಸಾಕು? ಬಾಂಬರ್ ಫೋಟೊಗಳ ವಿಷಯದಲ್ಲಿ ಇದನ್ನು ಅಳೆಯಲು ಒಂದೇ ದಾರಿ: ವಿಮಾನದ ಮೈಮೇಲಿನ ನಂಬರ್ ಓದಲು ಬರುತ್ತದೋ ಇಲ್ಲವೋ. ಮೊದಲ ಆರ್ಡರಿನಲ್ಲಿ ಭಾರತಕ್ಕೆ ಬಂದವು 54 ಬಿ(ಐ)58 ಬಾಂಬರ್, 8 ಪಿಆರ್.57 ಛಾಯಾಗ್ರಹಣ ವಿಮಾನ, 6 ಟಿ.4 ತರಬೇತಿ ವಿಮಾನ. ಬಾಂಬರಿನ ನಂಬರಿಗೆ ಮುಂದೆ ಐಎಫ್, ಛಾಯಾಗ್ರಹಣದ್ದಕ್ಕೆ ಐಪಿ, ತರಬೇತಿಯದ್ದಕ್ಕೆ ಐಕ್ಯೂ. 1959ರ ಏಪ್ರಿಲ್ 10ರಂದು ರಾವಲ್ಪಿಂಡಿ ಬಳಿ ಪಾಕಿಸ್ತಾನ ಹೊಡೆದುರುಳಿಸಿದ್ದು ಆ ಎಂಟು ಪಿಆರ್.57ಗಳಲ್ಲಿ ಒಂದನ್ನು. ಅಂದಮೇಲೆ ಐಪಿ ಎಂದು ಕಾಣುವ ಫೋಟೊದಲ್ಲಿ ಕೊನೆಯ ಅಂಕಿ 6 ಆಗಿದ್ದರೇನು, 8 ಆಗಿದ್ದರೇನು ಎಂದು ಬಿಡುವಂತಿಲ್ಲ.

ಲೆಕ್ಕ ಹಾಕಿ ನೋಡಿ. ಕ್ಯಾನ್‌ಬೆರಾ ಉದ್ದ ಸುಮಾರು 20 ಮೀಟರ್. 120 ರೋಲಿನ ಚೌಕಾಕಾರದ 6x6 ನೆಗೆಟಿವ್‌ನಲ್ಲಿ ಫ್ರೇಮಿನ ಅಗಲ 56 ಮಿಲಿಮೀಟರ್. ಪಕ್ಕದಿಂದ ತೆಗೆದ ವಿಮಾನ ಅದರಲ್ಲಿ 40 ಮಿ.ಮೀ. ತುಂಬಿದೆ ಎಂದುಕೊಳ್ಳಿ. ಅಂದರೆ 500ರಲ್ಲಿ ಒಂದು ಪಾಲು. ಅಂಕಿಯ ಎತ್ತರ 20 ಸೆಂ.ಮೀ. ಇದ್ದರೆ ನೆಗೆಟಿವ್ ಮೇಲೆ ಅದು 0.4 ಮಿ.ಮೀ.; ಈ ಸ್ಕ್ಯಾನರಿನ ನಿಜವಾದ ಬಲದಲ್ಲಿ 24 ಪಿಕ್ಸೆಲ್. ಆರಾಮಾಗಿ ಓದಬಹುದು. ಅದೇ ವಿಮಾನ 35 ಎಂಎಂ ಫ್ರೇಮಿನಲ್ಲಿ 24 ಮಿ.ಮೀ. ಇದ್ದರೆ ಅಂಕಿಗೆ ಸಿಗುವುದು 14-15 ಪಿಕ್ಸೆಲ್. ಲೆನ್ಸ್ ಚೆನ್ನಾಗಿದ್ದು ಕೈ ನಡುಗದಿದ್ದರೆ ಓದಬಹುದು. ದೂರದ ರನ್‌ವೇ ಮೇಲೆ ನಿಂತ, ಫ್ರೇಮಿನ ಕಾಲು ಭಾಗವಷ್ಟೇ ತುಂಬಿದ ವಿಮಾನವಾದರೆ ಐದೂವರೆ ಪಿಕ್ಸೆಲ್. ಅಲ್ಲಿಗೆ 3, 6, 8, 9 ಎಲ್ಲವೂ ಒಂದೇ ಚುಕ್ಕೆ. ಇಂಥ ಫ್ರೇಮುಗಳಿದ್ದರೆ ಅವನ್ನಷ್ಟೇ ಬೇರೆ ತೆಗೆದಿಟ್ಟು, ಮ್ಯಾಕ್ರೊ ಲೆನ್ಸ್ ಇರುವ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ, ಕೆಳಗಿನಿಂದ ಬೆಳಕಿನ ಫಲಕ ಕೊಟ್ಟು ತೆಗೆಯುವುದು ಒಳ್ಳೆಯದು. ಫುಲ್‌ಫ್ರೇಮ್ ಸೆನ್ಸರ್ ಆಗಿ, ಲೆನ್ಸ್ ಒಂದಕ್ಕೆ ಒಂದು ಗಾತ್ರ ಹಿಡಿಯುವಂಥದ್ದಾದರೆ 4000 ಡಿಪಿಐ ದಾಟುತ್ತದೆ.

ಒಂದನ್ನು ಮಾತ್ರ ಖಂಡಿತ ಮಾಡಬೇಡಿ: ಮಸುಕಾದ ಅಂಕಿಯನ್ನು ಎಐ ಆಪ್‌ಗೆ ಕೊಟ್ಟು ಚೂಪು ಮಾಡಿಸುವುದು. ಅದು ಅಲ್ಲಿರುವ ಅಂಕಿಯನ್ನು ಹುಡುಕುವುದಿಲ್ಲ, ತನಗೆ ಹೊಂದುವ ಅಂಕಿಯನ್ನು ಬರೆದುಕೊಡುತ್ತದೆ. ಅಂಥ ಫೋಟೊ ಒಮ್ಮೆ ವಾಟ್ಸಾಪ್ ಗುಂಪಿಗೆ ಹೋಯಿತೆಂದರೆ, ಇಲ್ಲದ ವಿಮಾನಕ್ಕೊಂದು ಜಾತಕ ಹುಟ್ಟಿಕೊಂಡಂತೆ.

ಇನ್ನು ಯಂತ್ರದ ಕೆಲಸಕ್ಕೆ ಬರೋಣ. ಜೊತೆಗೆ ಬರುವ ಹೋಲ್ಡರ್‌ಗಳಲ್ಲಿ 35 ಎಂಎಂ ಪಟ್ಟಿಗಳಾದರೆ ಒಮ್ಮೆಗೆ 12 ಫ್ರೇಮ್, ಚೌಕಟ್ಟಿನ ಸ್ಲೈಡಾದರೆ 4, 120 ಆದರೆ ಮೂರು ಫ್ರೇಮಿನ ಒಂದು ಪಟ್ಟಿ. ಫಿಲ್ಮಿನ ಹೊಳೆಯುವ ಮೈ ಕೆಳಗೆ, ಮಂಕು ಮೈ ಮೇಲೆ ಬರಬೇಕು. ಅಂಚಿನ ಅಕ್ಷರಗಳು ಮೇಲಿನಿಂದ ನೋಡಿದಾಗ ತಿರುಗುಮುರುಗಾಗಿ ಕಂಡರೆ ಸರಿಯಾಗಿದೆ ಎಂದರ್ಥ. ಬೂಷ್ಟು ಹಿಡಿದ ಹಳೆಯ ಫಿಲ್ಮಿನಲ್ಲಿ ಯಾವ ಮೈ ಹೊಳೆಯುತ್ತದೆಂದು ಹೇಳುವುದೇ ಕಷ್ಟ. ಆಗ ಬಿ(ಐ)58 ತಾನೇ ಸಾಕ್ಷಿ ಹೇಳುತ್ತದೆ. ಅದರ ಪೈಲಟ್ ಕೂರುವ ಗಾಜಿನ ಗುಮ್ಮಟ ನಟ್ಟನಡುವೆ ಇಲ್ಲ, ಪೈಲಟ್‌ನ ಎಡಕ್ಕೆ ಸರಿದಿದೆ. ವಿಮಾನ ನಮ್ಮತ್ತ ಮುಖ ಮಾಡಿ ನಿಂತಿದ್ದರೆ ಗುಮ್ಮಟ ನಮ್ಮ ಬಲಕ್ಕೆ ಕಾಣಬೇಕು. ಎಡಕ್ಕೆ ಕಂಡಿತೋ, ಫಿಲ್ಮ್ ಮಗುಚಿ ಬಿದ್ದಿದೆ. ನಂಬರ್ ಕಾಣದ ಎದುರುಮುಖದ ಫೋಟೊಗಳಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಗಾಜಿನ ಮೂತಿಯಿದ್ದು ದುಂಡು ಗುಮ್ಮಟ ಅಗಲವಾಗಿ ಕೂತಿದ್ದರೆ ಅದು ಪಿಆರ್.57, ಮೂತಿಗೆ ಗಾಜಿಲ್ಲದೆ ತಗಡು ಮುಚ್ಚಿದ್ದರೆ ಟಿ.4.

ವಿ600ರ ದೊಡ್ಡ ಕೊರತೆ ಇರುವುದು ಈ ಹೋಲ್ಡರ್‌ಗಳಲ್ಲೇ. ಎಪ್ಸನ್‌ನದೇ ಮೇಲಿನ ಮಾದರಿ ವಿ850ರಲ್ಲಿ ಹೋಲ್ಡರಿನ ಎತ್ತರ ಹೊಂದಿಸಬಹುದು, ಇದರಲ್ಲಿ ಇಲ್ಲ. 120ರ ಹೋಲ್ಡರ್ ಫಿಲ್ಮಿನ ಅಂಚನ್ನಷ್ಟೇ ಹಿಡಿಯುತ್ತದೆ. ಅರವತ್ತು ವರ್ಷ ಸುರುಳಿಯಾಗಿದ್ದ ಫಿಲ್ಮ್ ನಡುವೆ ಜೋತು ಬೀಳುತ್ತದೆ. ಪರಿಣಾಮವಾಗಿ ಬಾಲ ಸ್ಪಷ್ಟ, ರೆಕ್ಕೆಬುಡ ಮಸುಕು. ಮೊದಲು ಬಟರ್ ಪೇಪರ್ ನಡುವೆ ಇಟ್ಟು ದಪ್ಪ ಪುಸ್ತಕಗಳ ಕೆಳಗೆ ನಾಲ್ಕೈದು ದಿನ ಬಿಡಿ. ಆದರೂ ಏಳುತ್ತಿದ್ದರೆ ಆಂಟಿ-ನ್ಯೂಟನ್ ಗಾಜಿನ ತುಂಡನ್ನು ಫಿಲ್ಮಿನ ಮೇಲಿಡಿ. ಮಾಮೂಲು ಗಾಜು ಇಟ್ಟರೆ ಫಿಲ್ಮ್ ತಾಗಿದ ಕಡೆ ಕಾಮನಬಿಲ್ಲಿನಂಥ ಉಂಗುರಗಳು ಮೂಡುತ್ತವೆ. ಎತ್ತರವೇ ತಪ್ಪಿದೆ ಅನ್ನಿಸಿದರೆ ಹೋಲ್ಡರಿನ ನಾಲ್ಕು ಮೂಲೆಗೂ ಒಂದೊಂದು ವಿಸಿಟಿಂಗ್ ಕಾರ್ಡಿನ ಚೂರು ಇಟ್ಟು ಒಂದು ಸ್ಕ್ಯಾನ್, ಎರಡೆರಡು ಇಟ್ಟು ಇನ್ನೊಂದು. ಮೂರನ್ನೂ ಹೋಲಿಸಿ ಚೂಪಾದದ್ದನ್ನು ಇಟ್ಟುಕೊಳ್ಳಿ. ಕ್ಲಿಕ್-3ರಂಥ ಕ್ಯಾಮೆರಾದಲ್ಲಿ ಮೂಲೆಗಳು ಹೇಗೂ ಮಸುಕೇ, ಅದಕ್ಕೆ ಸ್ಕ್ಯಾನರನ್ನು ಬೈದು ಪ್ರಯೋಜನವಿಲ್ಲ.

ಹೋಲ್ಡರಿನ ಮೇಲ್ತುದಿಯಲ್ಲಿ ಖಾಲಿ ಕಿಂಡಿಯೊಂದಿದೆ. ಬೆಳಕನ್ನು ಸರಿಹೊಂದಿಸಿಕೊಳ್ಳಲು ಯಂತ್ರ ಮೊದಲು ನೋಡುವುದು ಅದರ ಮೂಲಕ. ಅಲ್ಲೊಂದು ಧೂಳಿನ ಕಣ ಕೂತರೂ ಚಿತ್ರದ ಉದ್ದಕ್ಕೂ ಗೆರೆ ಬೀಳುತ್ತದೆ. ಆಕಾಶದ ತುಂಬ ಒಂದೇ ದಿಕ್ಕಿನ ಸಣ್ಣ ಗೆರೆ ಕಂಡರೆ ಫಿಲ್ಮ್ ಗೀರಿದೆ ಎಂದು ಗಾಬರಿಯಾಗುವ ಮೊದಲು ಆ ಕಿಂಡಿಯ ಜಾಗದ ಗಾಜು ಒರೆಸಿ.

ಸೆಟ್ಟಿಂಗು ಹೀಗಿರಲಿ: ಪ್ರೊಫೆಷನಲ್ ಮೋಡ್, ಕಪ್ಪು-ಬಿಳುಪಿಗೆ 16 ಬಿಟ್ ಗ್ರೇ, ಬಣ್ಣಕ್ಕೆ 48 ಬಿಟ್, ಟಿಫ್ ಫೈಲ್. 120ಕ್ಕೆ 2400 ಡಿಪಿಐ, 35 ಎಂಎಂಗೆ 3200. 6x6ರ ಒಂದು ಫ್ರೇಮಿಗೆ ಇದರಲ್ಲಿ 56 ಎಂಬಿ ಆಗುತ್ತದೆ. ಚಿತ್ರವನ್ನು ಕೃತಕವಾಗಿ ಚೂಪು ಮಾಡುವ ಅನ್‌ಶಾರ್ಪ್ ಮಾಸ್ಕ್ ಆಫ್. ಥಂಬ್‌ನೇಲ್ ಆಯ್ಕೆ ಬಿಟ್ಟು ಪೂರ್ತಿ ಪ್ರಿವ್ಯೂ ತೆಗೆದು ಚೌಕಟ್ಟನ್ನು ಕೈಯಾರೆ ಎಳೆಯಿರಿ. ಆಕಾಶ ಒಂದೇ ಬಣ್ಣ ಇರುವ ಫ್ರೇಮುಗಳಲ್ಲಿ ಸಾಫ್ಟ್‌ವೇರಿಗೆ ಅಂಚು ಎಲ್ಲಿದೆ ಎಂದು ತಿಳಿಯದೆ ಅರ್ಧ ರೆಕ್ಕೆ ಕತ್ತರಿಸಿಬಿಡುತ್ತದೆ.

ಧೂಳು ಅಳಿಸುವ ಡಿಜಿಟಲ್ ಐಸ್ ಎಂಬ ಸೌಲಭ್ಯವನ್ನು ನೋಡಿಯೇ ಹಲವರು ಈ ಯಂತ್ರ ಕೊಳ್ಳುತ್ತಾರೆ. ತೊಂಬತ್ತರ ದಶಕದ ಕಲರ್ ನೆಗೆಟಿವ್‌ಗೆ ಅದು ವರ. ಸ್ಕ್ಯಾನರ್ ಅತಿಗೆಂಪು ಬೆಳಕಿನಲ್ಲಿ ಇನ್ನೊಂದು ಸಲ ನೋಡುತ್ತದೆ; ಬಣ್ಣದ ಡೈ ಆ ಬೆಳಕನ್ನು ಬಿಟ್ಟುಕೊಡುತ್ತದೆ, ಧೂಳು-ಗೀರು ಬಿಡುವುದಿಲ್ಲ, ಹಾಗಾಗಿ ಕೊಳೆ ಯಾವುದು, ಚಿತ್ರ ಯಾವುದು ಎಂದು ತಿಳಿಯುತ್ತದೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣ. ಬೆಳ್ಳಿಯೂ ಅತಿಗೆಂಪನ್ನು ತಡೆಯುತ್ತದೆ. ಆನ್ ಮಾಡಿದರೆ ಯಂತ್ರ ವಿಮಾನವನ್ನೇ ಧೂಳೆಂದು ತಿಳಿದು ಒರೆಸಲು ಹೊರಡುತ್ತದೆ, ಅಂಚುಗಳೆಲ್ಲ ಮೇಣ ಕರಗಿದ ಹಾಗಾಗುತ್ತವೆ. ಅರವತ್ತರ ದಶಕದ ಫಿಲ್ಮಿಗೆ ಗಾಳಿ ಊದುವ ರಬ್ಬರ್ ಬುರುಡೆಯೇ ಗತಿ, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಚುಕ್ಕೆ ಚುಕ್ಕೆಯಾಗಿ ತೆಗೆಯಬೇಕು.

ಕೊಡಗು, ಮಂಗಳೂರಿನ ಮಳೆ ಕಂಡ ಟ್ರಂಕುಗಳಲ್ಲಿ ಬೂಷ್ಟು ತಪ್ಪಿದ್ದಲ್ಲ. ಜೇಡರ ಬಲೆಯಂತೆ ಹರಡಿದ್ದರೆ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರು ತಾಗಿದೊಡನೆ ಕರಗಿ ಚಿತ್ರದೊಂದಿಗೇ ಎದ್ದು ಬರುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನು ಹತ್ತಿಗೆ ತುಸುವೇ ಹಾಕಿ, ಹೊಳೆಯುವ ಮೈಯನ್ನು ಮಾತ್ರ, ಒಂದೇ ದಿಕ್ಕಿಗೆ ಒರೆಸಿ. ಮೊದಲ ಪ್ರಯೋಗ ಚಿತ್ರವಿಲ್ಲದ ತುದಿಯ ಮೇಲಿರಲಿ.

ಸ್ಲೈಡಿನ ಮಾತು. ಕ್ಯಾನ್‌ಬೆರಾದ ರೋಲ್ಸ್‌ರಾಯ್ಸ್ ಏವನ್ ಎಂಜಿನ್ ಚಾಲೂ ಆಗುತ್ತಿದ್ದದ್ದು ಮದ್ದಿನ ಕಾರ್ಟ್ರಿಜ್ ಸಿಡಿಸಿ. ಸದ್ದಿನೊಂದಿಗೆ ಎಂಜಿನ್ ಸುತ್ತ ಕಪ್ಪು ಹೊಗೆ ಭುಗಿಲೆದ್ದು ಹೋಗುತ್ತಿತ್ತು. ಕ್ಯಾಮೆರಾ ಕೈಯಲ್ಲಿದ್ದವರು ಯಾರೂ ಬಿಡದ ಕ್ಷಣ ಅದು. ಈ ಸ್ಕ್ಯಾನರ್ ಸೋಲುವುದೂ ಅಲ್ಲೇ. ಕಂಪನಿ ಹೇಳುವ ಲೆಕ್ಕದಲ್ಲಿ ಇದರ ಡಿ-ಮ್ಯಾಕ್ಸ್ (ಎಷ್ಟು ಗಾಢ ಕಪ್ಪಿನವರೆಗೆ ವಿವರ ಓದಬಲ್ಲದು ಎಂಬ ಅಳತೆ) 3.4, ಕಪ್ಪು-ಬಿಳುಪು ನೆಗೆಟಿವ್‌ಗೆ ಧಾರಾಳವಾಯಿತು, ಆದರೆ ಸ್ಲೈಡಿನ ಗಾಢ ನೆರಳಿಗೆ ಸಾಲದು. ಹೊಗೆಯೊಳಗಿನ ಮಡಿಕೆಗಳ ಬದಲು ಕೆಂಪು-ಹಸಿರು ಕಾಳುಕಾಳು ಬರುತ್ತದೆ. ವ್ಯೂಸ್ಕ್ಯಾನ್ ಎಂಬ ಸಾಫ್ಟ್‌ವೇರ್ ಹಾಕಿ ಒಂದೇ ಸ್ಲೈಡನ್ನು ಹಲವು ಸಲ ಓದಿಸಿದರೆ ಸ್ವಲ್ಪ ತಗ್ಗುತ್ತದೆ, ಹೋಗುವುದಿಲ್ಲ.

ಪ್ರಿಂಟುಗಳಲ್ಲಿ ಮಾತ್ರ ವಿ600 ಕೊಟ್ಟ ಹಣಕ್ಕೆ ಮೋಸವಿಲ್ಲ. ಪ್ರಿಂಟರಿನ ಜೊತೆ ಬರುವ ತೆಳು ಸ್ಕ್ಯಾನರ್‌ಗಳ ಸಿಐಎಸ್ ಸೆನ್ಸರಿಗೆ ಗಾಜಿಗೆ ಅಂಟಿಕೊಂಡದ್ದಷ್ಟೇ ಸ್ಪಷ್ಟ, ಒಂದೆರಡು ಮಿ.ಮೀ. ಮೇಲೆದ್ದರೆ ಮಸುಕು. ಇದರದ್ದು ಸಿಸಿಡಿ. ಸುರುಟಿದ ಪ್ರಿಂಟನ್ನೂ, ಚೌಕಟ್ಟಿನ ಗಾಜಿಗೇ ಅಂಟಿಹೋದ ಸ್ಕ್ವಾಡ್ರನ್ ಗ್ರೂಪ್ ಫೋಟೊವನ್ನೂ ಗಾಜಿನ ಸಮೇತ ಇಟ್ಟು ಹಿಡಿಯಬಹುದು. ಅಂಟಿದ್ದನ್ನು ಕೀಳಲು ಹೋಗಬೇಡಿ, ಮುಖಗಳು ಗಾಜಿನ ಮೇಲೇ ಉಳಿದುಬಿಡುತ್ತವೆ. ಅಂಟು ಹಾಳೆಯ ಆಲ್ಬಮ್ಮಾದರೆ, ಪರಿಮಳ-ಮೇಣವಿಲ್ಲದ ಡೆಂಟಲ್ ಫ್ಲಾಸ್‌ನ ದಾರವನ್ನು ಫೋಟೊದ ಹಿಂದೆ ಗರಗಸದಂತೆ ಆಡಿಸಿ ಬಿಡಿಸಬಹುದು. ಮಾಮೂಲು ಪ್ರಿಂಟಿಗೆ 600 ಡಿಪಿಐ, ನೆಗೆಟಿವ್ ಗಾತ್ರದ ಕಾಂಟ್ಯಾಕ್ಟ್ ಪ್ರಿಂಟಿಗೆ 1200. ಕಪ್ಪು-ಬಿಳುಪಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಶಾಯಿಯ ಗುರುತು ಮತ್ತು ಕಲೆ ಬೇರ್ಪಡಿಸಲು ಅದು ಬೇಕಾಗುತ್ತದೆ. ಅಂಚಿನಲ್ಲಿ ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಹೊಳೆಯುವ ಹಳೆಯ ಪ್ರಿಂಟು, ಜೇನುಗೂಡಿನಂಥ ತರಿಯ ಕಾಗದ, ಇವೆರಡು ಯಾವ ಸ್ಕ್ಯಾನರಿಗೂ ಒಗ್ಗುವುದಿಲ್ಲ. ತರಿಯ ಕಾಗದವನ್ನು ಒಮ್ಮೆ ನೇರ, ಒಮ್ಮೆ 180 ಡಿಗ್ರಿ ತಿರುಗಿಸಿ ಹಿಡಿದು ಎರಡನ್ನೂ ಒಂದರ ಮೇಲೊಂದು ಕೂಡಿಸಿದರೆ ಗೂಡುಗಳು ಬಹಳಷ್ಟು ಕರಗುತ್ತವೆ. ಬೆಳ್ಳಿಯದ್ದಕ್ಕೆ ಪೋಲರೈಸರ್ (ಹೊಳಪು ತಡೆಯುವ ಫಿಲ್ಟರ್) ಹಾಕಿದ ಎರಡು ದೀಪ ಮತ್ತು ಕ್ಯಾಮೆರಾ ಬೇಕು.

ಪ್ರಿಂಟಿನ ಹಿಂಬದಿಯನ್ನು 300 ಡಿಪಿಐನಲ್ಲಿ ತಪ್ಪದೆ ಹಿಡಿಯಿರಿ. 'ಕಾಮಿನಾ' ಎಂದು ಪೆನ್ಸಿಲ್ಲಿನಲ್ಲಿ ಬರೆದಿದ್ದರೆ ಅದು 1961ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಕಾಂಗೋಗೆ ಹೋದ 5ನೇ ಸ್ಕ್ವಾಡ್ರನ್‌ನ ಆರು ಕ್ಯಾನ್‌ಬೆರಾಗಳ ಕಾಲದ್ದು. ಮುಂಭಾಗದಲ್ಲಿ ಕಾಣುವುದು ಯಾವ ಊರಿನದ್ದೂ ಆಗಬಹುದಾದ ಟಾರು ಮತ್ತು ಹುಲ್ಲು. ಎರಡೂ ಫೈಲಿಗೆ ಒಂದೇ ಹೆಸರು ಕೊಟ್ಟು ಕೊನೆಗೆ 'ಎದುರು', 'ಹಿಂದೆ' ಎಂದು ಸೇರಿಸಿ. ಓದಿದ ನಂಬರ್, ಊರು, ಹೆಸರುಗಳನ್ನು ಫೈಲಿನ ಒಳಗಿನ ವಿವರಣೆಯ ಜಾಗದಲ್ಲಿ ಕನ್ನಡದಲ್ಲೇ ಬರೆಯಬಹುದು. ಊಹಿಸಿದ್ದಾದರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಇರಲಿ.

ಕೊಳ್ಳುವ ಮೊದಲು ತಿಳಿದಿರಬೇಕಾದ ಇನ್ನೊಂದು ಮಿತಿ: ಮುಚ್ಚಳದೊಳಗಿನ ಬೆಳಕಿನ ಪಟ್ಟಿಯ ಅಗಲ ಏಳು ಸೆಂ.ಮೀ. ಒಳಗೇ. ಅದಕ್ಕಿಂತ ಅಗಲದ ಶೀಟ್ ಫಿಲ್ಮ್, ಗಾಜಿನ ಪ್ಲೇಟು ಪೂರ್ತಿ ಬರುವುದಿಲ್ಲ, ಅದಕ್ಕೆ ವಿ850 ಬೇಕು. ಪಿಆರ್ ವಿಮಾನಗಳ ಎಫ್52 ಕ್ಯಾಮೆರಾದ ನೆಗೆಟಿವ್ ಎಂಟೂವರೆ ಇಂಚು ಇಂಟು ಏಳು ಇಂಚು. ಅಂಥದ್ದು ಟ್ರಂಕಿನಲ್ಲಿ ಸಿಕ್ಕರೆ ಮೊದಲು ಕೇಳಬೇಕಾದದ್ದು ಸ್ಕ್ಯಾನರಿನ ಪ್ರಶ್ನೆಯಲ್ಲ, ಅದು ಮನೆಯ ಸ್ವತ್ತೇ ಅಲ್ಲ.