ಒಂದು ಡಾಂಗಲ್, ಎರಡು ಚಾನೆಲ್: ನವಿ ಮುಂಬಯಿಯ ನೆರೂಳಿನ ಬಾಲ್ಕನಿಯಿಂದ ಹಡಗುಗಳನ್ನು ಕೇಳಿದ ಅನುಭವ

ಆರ್‌ಟಿಎಲ್-ಎಸ್‌ಡಿಆರ್ ಡಾಂಗಲಿನ (ಕಂಪ್ಯೂಟರಿಗೆ ಚುಚ್ಚಿ ರೇಡಿಯೊ ಸಂಕೇತಗಳನ್ನು ಕೇಳುವ ಪುಟ್ಟ ಸಾಧನದ) ತಾಂತ್ರಿಕ ವಿವರಗಳು ಎಲ್ಲೆಡೆ ಸಿಗುವುದರಿಂದ ಅವುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬಹುಕಾಲ ಬಳಸಿದ ಮೇಲೆ ನನಗೆ ಹೇಳಬೇಕೆನಿಸಿರುವುದು ಒಂದೇ ತೊಂದರೆಯ ಬಗ್ಗೆ. ಎರಡು ಚಾನೆಲ್‌ಗಳನ್ನು ಏಕಕಾಲಕ್ಕೆ ಕೇಳಬೇಕಾದ ಸಾಧನವು ಒಂದನ್ನು ಮಾತ್ರ ಕೇಳುತ್ತಿತ್ತು; ಹಡಗುಗಳನ್ನು ತೋರಿಸುವ ನಕಾಶೆಯನ್ನು ನೋಡಿದವರಿಗೆ ಅದರ ಸುಳಿವೇ ಸಿಗುತ್ತಿರಲಿಲ್ಲ.

ನಾನು ಇದನ್ನು ಕೊಂಡದ್ದು ಎಐಎಸ್‌ಗಾಗಿ, ಅಂದರೆ ಹಡಗುಗಳು ತಮ್ಮ ಹೆಸರು, ಸ್ಥಾನ, ವೇಗಗಳನ್ನು ಎಲ್ಲರಿಗೂ ಕೇಳುವಂತೆ ಸಾರುವ ವ್ಯವಸ್ಥೆಗಾಗಿ. ನಮ್ಮ ಭಾವ ಮುಂಬಯಿ ಮತ್ತು ಮಂಗಳೂರಿನ ನಡುವೆ ಓಡಾಡುವ ತೈಲ ಹಡಗಿನಲ್ಲಿ ಇಂಜಿನಿಯರ್. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಕಾಫಿ ಲೋಟ ಹಿಡಿದು ಮೇಜಿನ ಮುಂದೆ ಕೂತು, ಮೊದಲು ನ್ಹಾವಾ ಶೇವಾ ಬಂದರಿನ ಕಂಟೇನರ್ ಹಡಗುಗಳನ್ನು, ಆಮೇಲೆ ಬುಚರ್ ದ್ವೀಪದ ತೈಲ ಕಟ್ಟೆಯನ್ನು, ಕೊನೆಗೆ ಲಂಗರು ಹಾಕಿ ಕಾಯುತ್ತಿರುವ ಹಡಗುಗಳನ್ನು ಒಂದೊಂದಾಗಿ ನೋಡುವುದು ನನ್ನ ರೂಢಿ. ಭಾರತದಲ್ಲಿ ನೋಂದಾಯಿಸಿದ ಹಡಗುಗಳ ಗುರುತಿನ ಸಂಖ್ಯೆ 419ರಿಂದ ಆರಂಭವಾಗುವುದರಿಂದ ಹುಡುಕುವುದು ಸುಲಭ. ಅಷ್ಟರಲ್ಲಿ ಸುರತ್ಕಲ್ಲಿನಿಂದ ಅಕ್ಕನ ಫೋನು ಬರುತ್ತದೆ: "ಹಡಗು ಹೊರಟಿತೇನೋ? ಎಲ್ಲಿಗೆ ಅಂತ ಹಾಕಿದ್ದಾರೆ?" ಗಮ್ಯದ ಜಾಗದಲ್ಲಿ ಹೊಸ ಮಂಗಳೂರು ಬಂದರಿನ ಸಂಕೇತವಾದ ಐಎನ್‌ಎನ್‌ಎಂಎಲ್ ಕಂಡರೆ ಆ ದಿನ ಇಬ್ಬರಿಗೂ ಸಂತೋಷ.

ಎಐಎಸ್ 161.975 (ಎ) ಮತ್ತು 162.025 (ಬಿ) ಮೆಗಾಹರ್ಟ್ಸ್ ಎಂಬ ಎರಡು ಚಾನೆಲ್‌ಗಳಲ್ಲಿ ನಡೆಯುತ್ತದೆ. ಅವುಗಳ ನಡುವಿನ ಅಂತರ 50 ಕಿಲೋಹರ್ಟ್ಸ್ ಮಾತ್ರ. ಸಂಕೇತದಿಂದ ಸೆಕೆಂಡಿಗೆ 24 ಲಕ್ಷ ಮಾದರಿಗಳನ್ನು ತೆಗೆದುಕೊಂಡು, ಅದರಿಂದ ಈ ಅಂತರಕ್ಕಿಂತ ಬಹಳ ಅಗಲವಾದ ಪಟ್ಟಿಯನ್ನು ಒಮ್ಮೆಗೇ ಕೇಳಬಲ್ಲ ಈ ಡಾಂಗಲನ್ನು 162ಕ್ಕೆ ನಿಲ್ಲಿಸಿದರೆ ಎರಡೂ ಒಟ್ಟಿಗೆ ಸಿಗುತ್ತವೆ. ಆದ್ದರಿಂದ ಎರಡನೆಯ ಡಾಂಗಲಿಗೆ ಹಣ ಹಾಕುವ ಅಗತ್ಯ ನನಗೆ ಕಾಣಲಿಲ್ಲ. ಪ್ರತಿಯೊಂದು ಹಡಗೂ ತನ್ನ ಸಂದೇಶಗಳನ್ನು ಒಮ್ಮೆ ಎ ಚಾನೆಲಿನಲ್ಲಿ, ಮುಂದಿನ ಬಾರಿ ಬಿ ಚಾನೆಲಿನಲ್ಲಿ ಕಳಿಸುತ್ತದೆ. ಹೀಗಾಗಿ ಒಂದು ಚಾನೆಲ್ ಸತ್ತರೂ ನಕಾಶೆಯಿಂದ ಯಾವ ಹಡಗೂ ಮಾಯವಾಗುವುದಿಲ್ಲ. ಚಲಿಸುವ ಹಡಗು ಸ್ವಲ್ಪ ಜಿಗಿಜಿಗಿದು ಸಾಗುತ್ತದೆ, 3 ನಿಮಿಷಕ್ಕೊಮ್ಮೆ ಸ್ಥಾನ ಹೇಳಬೇಕಾದ ಲಂಗರಿನ ಹಡಗು 6 ನಿಮಿಷಕ್ಕೊಮ್ಮೆ ಹೇಳುತ್ತದೆ, ಅಷ್ಟೇ. 6 ನಿಮಿಷಕ್ಕೊಮ್ಮೆ ಬರುವ ಗಮ್ಯದ ಸಂದೇಶ ಮಾತ್ರ ಬಹಳ ತಡವಾಗುತ್ತಿತ್ತು, ಮತ್ತು ನನಗೆ ಬೇಕಾಗಿದ್ದುದು ಅದೇ. ಸಂಕೇತಗಳನ್ನು ಸಂದೇಶಗಳಾಗಿ ಬಿಡಿಸುವ ತಂತ್ರಾಂಶವಾದ ಡಿಕೋಡರ್ ಬರೆಯುವ ಪ್ರತಿ ಸಾಲಿನಲ್ಲೂ ಚಾನೆಲಿನ ಅಕ್ಷರವಿರುತ್ತದೆ. ಆ ಸಾಲುಗಳನ್ನು ಕಡತಕ್ಕಿಳಿಸಿ ನೋಡಿದಾಗ ಸಂಜೆಯ ಹೊತ್ತಿನಲ್ಲಿ ಬರೀ ಬಿ ತುಂಬಿತ್ತು. ಹಗಲಿನಲ್ಲಿ ಎರಡೂ ಸರಿಸಮವಾಗಿದ್ದವು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆಗಳು ಮೂರು: ಆವರ್ತನದ ತಪ್ಪನ್ನು ಸರಿಪಡಿಸಿ, ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಇಳಿಸಿ, ಆಂಟೆನಾ ಬದಲಿಸಿ. ಇವು ಒಳ್ಳೆಯ ಸಲಹೆಗಳೇ. ಅಗ್ಗದ ಡಾಂಗಲಿನಲ್ಲಿ ಆವರ್ತನವನ್ನು ನಿರ್ಧರಿಸುವ ಸ್ಫಟಿಕ ಹತ್ತು ಲಕ್ಷಕ್ಕೆ 50 ಪಾಲು ತಪ್ಪಿದರೂ 162 ಮೆಗಾಹರ್ಟ್ಸ್‌ನಲ್ಲಿ 8.1 ಕಿಲೋಹರ್ಟ್ಸ್ ಜಾರುತ್ತದೆ, ಮತ್ತು ಸಂಕೇತವನ್ನು ಎಂಟೇ ಬಿಟ್‌ಗಳಲ್ಲಿ ಅಳೆಯುವ ಈ ಸಾಧನವನ್ನು ಮುಂಬಯಿಯ ಪ್ರಬಲ ಎಫ್‌ಎಂ ಕೇಂದ್ರಗಳು ಕಿವುಡಾಗಿಸಬಲ್ಲವು. ಆದರೆ ಇವೆಲ್ಲ ಎರಡು ಚಾನೆಲ್‌ಗಳಿಗೂ ಒಂದೇ ರೀತಿ ತಟ್ಟುವ ತೊಂದರೆಗಳು. ಕೇವಲ 50 ಕಿಲೋಹರ್ಟ್ಸ್ ದೂರದ ಎರಡರಲ್ಲಿ ಒಂದನ್ನಷ್ಟೇ ಕೆಡಿಸುವ ಕಾರಣವು ತಾನೂ ಅಷ್ಟೇ ಸಪೂರವಾಗಿರಬೇಕು. ಯಾವ ಆವರ್ತನದಲ್ಲಿ ಯಾವಾಗ ಸಂಕೇತವಿದೆಯೆಂದು ತೋರಿಸುವ ವಾಟರ್‌ಫಾಲ್ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಎ ಚಾನೆಲಿನ ಮೇಲೆಯೇ ಒಂದು ಗೆರೆ ಅಲುಗಾಡದೆ ನಿಂತಿತ್ತು. ಹಡಗಿನ ಒಂದು ಸಂದೇಶ ಸಾಮಾನ್ಯವಾಗಿ ಸೆಕೆಂಡಿನ ನಲವತ್ತನೆಯ ಒಂದು ಭಾಗದಷ್ಟು ಹೊತ್ತು ಮಿಂಚಿ ಮರೆಯಾಗುವುದರಿಂದ ಈ ಗೆರೆ ಹಡಗಿನದಲ್ಲವೆಂಬುದು ಸ್ಪಷ್ಟವಾಯಿತು.

ಮನೆಯ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತ ಹೋದಾಗ ಗೆರೆ ಅಳಿಸಿಹೋದದ್ದು ನಾನು ನಕಾಶೆ ನೋಡುವ ಹಳೆಯ ಕಂಪ್ಯೂಟರನ್ನು ಆರಿಸಿದಾಗ. ಅದರ ಮಾನಿಟರ್ 1600×1200ರದು. ಪರದೆಯ ಅಂಚಿನಾಚೆಯ ಖಾಲಿ ಅವಧಿಯನ್ನೂ ಸೇರಿಸಿದರೆ ಒಂದು ಸಾಲಿಗೆ 2160 ಚುಕ್ಕೆಗಳು, ಒಂದು ಚಿತ್ರಕ್ಕೆ 1250 ಸಾಲುಗಳು, ಸೆಕೆಂಡಿಗೆ 60 ಚಿತ್ರಗಳು. ಗುಣಿಸಿದರೆ ಬರುವುದು 16,20,00,000, ಅಂದರೆ ಸರಿಯಾಗಿ 162 ಮೆಗಾಹರ್ಟ್ಸ್! ಚಿತ್ರವನ್ನು ಮಾನಿಟರಿಗೆ ಒಯ್ಯುವ ಡಿವಿಐ ಕೇಬಲಿನಲ್ಲಿ ಚುಕ್ಕೆಗಳ ತಾಳ ಹೇಳುವ ಗಡಿಯಾರದ ತಂತಿಯಲ್ಲಿ ಇದೇ ಆವರ್ತನ ನೇರವಾಗಿ ಹರಿಯುತ್ತದೆ, ಮತ್ತು ಗ್ರಾಫಿಕ್ಸ್ ಚಿಪ್ಪು ಅದನ್ನು ಹತ್ತು ಸಾವಿರಕ್ಕೆ ಒಂದೂವರೆ ಪಾಲಿನಷ್ಟು ತಗ್ಗಿಸಿ ಹುಟ್ಟಿಸಿದರೂ ಸಾಕು, ಅದು 161.975ರ ಮೇಲೆ ಬಂದು ಕೂರುತ್ತದೆ. ಹಡಗು ನೋಡಲು ಪರದೆ ಹಚ್ಚಿದ ಕ್ಷಣದಿಂದಲೇ ಅರ್ಧ ಸಂದೇಶಗಳು ಮುಳುಗುತ್ತಿದ್ದವು.

ಇಲ್ಲಿಂದ ಮುಂದೆ ಡಾಂಗಲಿನ ಬಗ್ಗೆ ನನ್ನ ಮನಸ್ಸು ಮೆತ್ತಗಾಯಿತೆಂದು ಹೇಳಲೇಬೇಕು. ಎ ಚಾನೆಲನ್ನು ಕಳೆದ ಅದೇ ಸಾಧನವು ಕಳೆದುಹೋದುದರ ಕಾರಣವನ್ನೂ ಗೆರೆಯಾಗಿ ತೋರಿಸಿತು. ಹಡಗಿಗೆಂದೇ ತಯಾರಾದ, ಇದರ ಹಲವು ಪಟ್ಟು ಬೆಲೆಯ ಎಐಎಸ್ ರಿಸೀವರ್ ಸಂದೇಶಗಳನ್ನಷ್ಟೇ ಕೊಡುತ್ತದೆ; ಸುತ್ತಲಿನ ಆವರ್ತನಗಳ ಚಿತ್ರವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ.

ಪರಿಹಾರಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಪರದೆಯನ್ನು 1280×960ಕ್ಕೆ ಇಳಿಸಿದಾಗ ಅದರ ಗಡಿಯಾರ 108 ಮೆಗಾಹರ್ಟ್ಸ್‌ಗೆ ಬಂದು, ಎ ಮತ್ತು ಬಿ ಎರಡೂ ಸಮನಾದವು. ಅಕ್ಷರಗಳು ಕೊಂಚ ಮಸುಕಾಗಿವೆ, ಅದನ್ನು ಸಹಿಸಬಹುದು.

ಆದರೂ ಡಾಂಗಲಿನ ಪ್ಲಾಸ್ಟಿಕ್ ಕವಚದ ಬಗ್ಗೆ ನನ್ನ ಆಕ್ಷೇಪ ಉಳಿದೇ ಇದೆ. ಪಕ್ಕದ ತಂತಿಗಳ ಸದ್ದನ್ನು ಅದು ಸ್ವಲ್ಪವೂ ತಡೆಯುವುದಿಲ್ಲ. ಹೊಸದಾಗಿ ಕೊಳ್ಳುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಲೋಹದ ಕವಚದ್ದನ್ನೂ ಶಾಖಕ್ಕೆ ಜಾರದ ಸ್ಫಟಿಕವುಳ್ಳದ್ದನ್ನೂ ಆರಿಸಿಕೊಳ್ಳಲಿ. ಕಡಲ ಗಾಳಿಗೆ ಆಂಟೆನಾದ ಜೋಡಣೆಗಳು ಹಸಿರುಗಟ್ಟುವುದರಿಂದ ಮಳೆಗಾಲಕ್ಕೆ ಮೊದಲೇ ಅವುಗಳ ಮೇಲೆ ರಬ್ಬರ್ ಟೇಪು ಸುತ್ತಿಡುವುದು ಒಳ್ಳೆಯದು.