ಕೂಗದ ಕುಕ್ಕರ್: ಐದಾರು ವರ್ಷ ಬಳಸಿದ ಮೇಲೆ

ಆರು ಲೀಟರಿನ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಒಂದನ್ನು ಐದಾರು ವರ್ಷಗಳಿಂದ ಹೆಚ್ಚುಕಡಿಮೆ ದಿನವೂ ಬಳಸುತ್ತಿದ್ದೇನೆ. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಈ ಬಗೆಯ ಕುಕ್ಕರುಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ. ಒಂದರ ಗುಣದೋಷ ಇನ್ನೊಂದಕ್ಕೂ ಬಹುಪಾಲು ಅನ್ವಯಿಸುತ್ತದೆ. ಕೊಂಡ ವಾರದಲ್ಲೇ ಬರೆದ ಹೊಗಳಿಕೆಗಳು ಬೇಕಾದಷ್ಟು ಸಿಗುತ್ತವೆ. ಗ್ಯಾಸ್ಕೆಟ್ ಸಡಿಲವಾಗಿ, ಗುಂಡಿಗಳ ಮೇಲಿನ ಅಕ್ಷರ ಮಾಸಿ, ಹತ್ತಾರು ಸಲ ನೆಂಟರು ಬಂದು ಹೋಗಿ, ಮಕ್ಕಳ ನಾಲಿಗೆಯ ರುಚಿಯೂ ಬದಲಾದ ಮೇಲೆ ಅದು ಅಡುಗೆಮನೆಯ ಕಟ್ಟೆಯ ಮೇಲೆ ತನ್ನ ಜಾಗ ಉಳಿಸಿಕೊಂಡಿದೆಯೇ ಎಂಬುದು ಬೇರೆ ಪ್ರಶ್ನೆ. ಉಳಿಸಿಕೊಂಡಿದೆ, ಆದರೆ ಡಬ್ಬದ ಮೇಲೆ ಅಚ್ಚಾಗಿದ್ದ ಕಾರಣಕ್ಕಲ್ಲ.

ಡಬ್ಬದ ಮೇಲೆ ಇದ್ದದ್ದು ವೇಗದ ಮಾತು. ಅದು ಅರ್ಧ ಮಾತ್ರ ನಿಜ. ನನ್ನ ಕುಕ್ಕರಿನ ಹೀಟರ್ 1000 ವ್ಯಾಟಿನದು. ತಣ್ಣನೆಯ ಎರಡು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು, ಒಂದಿಷ್ಟೂ ಶಾಖ ಪೋಲಾಗದಿದ್ದರೂ, ಅದಕ್ಕೆ 10 ನಿಮಿಷ ಬೇಕೇ ಬೇಕು. ಮೂರು ಲೀಟರಾದರೆ 15 ದಾಟುತ್ತದೆ. ಆಮೇಲೆ ಹಬೆ ಕಟ್ಟಿ ಒತ್ತಡ ಏರಬೇಕು. ಕೈಪಿಡಿಯಲ್ಲಿ 12 ನಿಮಿಷ ಎಂದಿದ್ದರೆ ಅದು ಒತ್ತಡ ಏರಿದ ಮೇಲಿನ ಲೆಕ್ಕ. ಬೆಂದ ಮೇಲೆ ಒತ್ತಡ ತಾನಾಗಿ ಇಳಿಯಲು ಇನ್ನೂ 15–20 ನಿಮಿಷ ಹಿಡಿಯುತ್ತದೆ. ಒಟ್ಟು ಮುಕ್ಕಾಲು ಗಂಟೆ ಹೋಯಿತು. ಅದೂ ಅಲ್ಲದೆ ಒಲೆಯ ಮೇಲಿನ ಕುಕ್ಕರ್ ಹೊರಗಿನ ಗಾಳಿಗಿಂತ ಸುಮಾರು 100 ಕಿಲೋಪಾಸ್ಕಲ್ ಹೆಚ್ಚಿನ ಒತ್ತಡಕ್ಕೆ ಏರಿ ಒಳಗೆ 120 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ವಿದ್ಯುತ್ತಿನದು ಸಾಮಾನ್ಯವಾಗಿ 70–80 ಕಿಲೋಪಾಸ್ಕಲಿನಲ್ಲಿ ನಿಲ್ಲುತ್ತದೆ, ಅಂದರೆ 115ರಿಂದ 117 ಡಿಗ್ರಿ. ಓಟಕ್ಕೆ ಬಿಟ್ಟರೆ ಒಲೆಯ ಕುಕ್ಕರೇ ಗೆಲ್ಲುತ್ತದೆ. ಇಬ್ಬರಿಗೆ ಒಂದು ಹಿಡಿ ಬೇಳೆ ಬೇಯಿಸಲು ನಾನು ಇಂದಿಗೂ ಒಲೆ ಹಚ್ಚುತ್ತೇನೆ.

ಇದು ನಿಜವಾಗಿ ಉಳಿಸಿಕೊಟ್ಟದ್ದು ನನ್ನ ಗಮನವನ್ನು. ಒಲೆಯ ಕುಕ್ಕರ್ ಇಟ್ಟವರ ಅರ್ಧ ಕಿವಿ ಅಡುಗೆಮನೆಯಲ್ಲೇ ಇರುತ್ತದೆ: ಈಗ ಆದದ್ದು ಮೂರನೆಯ ಕೂಗೋ ನಾಲ್ಕನೆಯದೋ, ಉರಿ ಸಣ್ಣ ಮಾಡಿದೆನೋ ಇಲ್ಲವೋ. ಇದಕ್ಕೆ ಆ ಚಿಂತೆಯೇ ಇಲ್ಲ. ಸಮಯ ಒತ್ತಿ ಹೊರಟರೆ ತಾನೇ ಏರಿಸಿಕೊಳ್ಳುತ್ತದೆ, ತಾನೇ ಹಿಡಿದಿಡುತ್ತದೆ, ಮುಗಿದಾಗ ಬೀಪ್ ಎಂದು ಬೆಚ್ಚಗಿಡುವ ಸ್ಥಿತಿಗೆ ಹೋಗುತ್ತದೆ. ಆ ಮುಕ್ಕಾಲು ಗಂಟೆಯಲ್ಲಿ ಮಗುವಿನ ಲೆಕ್ಕ ನೋಡಬಹುದು, ಸ್ನಾನ ಮುಗಿಸಬಹುದು, ಬಂದವರ ಜೊತೆ ಕುಳಿತು ಮಾತನಾಡಬಹುದು. ಕೊನೆಯದು ನನಗೆ ಬಹಳ ದೊಡ್ಡ ಲಾಭ; ಮನೆಗೆ ಜನ ಬಂದಾಗ ಅಡುಗೆ ಮಾಡುವವರಿಗೆ ಮಾತ್ರ ಯಾರ ಮುಖವೂ ಕಾಣದಿರುವುದು ಎಲ್ಲ ಕಡೆಯೂ ನಡೆದುಬಂದಿರುವ ಅನ್ಯಾಯ.

ಮುಚ್ಚಳ ಬಿಗಿದು ಒತ್ತಡದಲ್ಲಿ ಬೇಯಿಸುವ ಉಪಾಯ ಹಳೆಯದೇ. ಫ್ರಾನ್ಸಿನ ಡೆನಿ ಪಾಪಿನ್ 1679ರಲ್ಲೇ ಮೂಳೆಯನ್ನೂ ಮೆತ್ತಗಾಗಿಸುವ ಇಂಥ ಪಾತ್ರೆಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ್ದ. ಒತ್ತಡ ಮಿತಿಮೀರಿದಾಗ ಹಬೆ ಹೊರಬಿಡುವ ಸುರಕ್ಷತಾ ಕವಾಟವನ್ನು ಸೇರಿಸಿದ್ದೂ ಅವನೇ. ಈಚೆಗೆ ಸೇರಿದ್ದು ನಮ್ಮ ಪರವಾಗಿ ಕಾವಲು ಕೂರುವ ಸೆನ್ಸರುಗಳು.

ಮನೆಮಂದಿಗೆಲ್ಲ ಒಂದೇ ಅಡುಗೆ ಹಿಡಿಸುವುದಿಲ್ಲ ಎಂಬುದು ಬಡಿಸುವ ಎಲ್ಲರಿಗೂ ಗೊತ್ತಿರುವ ಸಂಗತಿ. ಒಬ್ಬರಿಗೆ ಖಾರ ಬೇಕು, ಒಬ್ಬರಿಗೆ ಕೂಡದು. ಒಬ್ಬರು ಬೆಳ್ಳುಳ್ಳಿ ಮುಟ್ಟುವುದಿಲ್ಲ. ಹಲ್ಲಿಲ್ಲದ ಹಿರಿಯರಿಗೂ ಹಲ್ಲು ಬರುತ್ತಿರುವ ಮಗುವಿಗೂ ಮೆತ್ತಗಿನದೇ ಆಗಬೇಕು. ಈ ಯಂತ್ರ ಬಳಸುತ್ತ ನಾನು ಕಂಡುಕೊಂಡ ದಾರಿ ಇಷ್ಟೆ: ಕುಕ್ಕರಿನಲ್ಲಿ ಪೂರ್ತಿ ಅಡುಗೆ ಮಾಡುವುದಿಲ್ಲ, ಬರೀ ಬುನಾದಿ ಹಾಕುತ್ತೇನೆ. ಉದಾಹರಣೆಗೆ ಕಡಲೆಕಾಳು. ರಾತ್ರಿ ಉಪ್ಪು ಹಾಕಿದ ನೀರಿನಲ್ಲಿ ನೆನೆಸಿಡುತ್ತೇನೆ. ಉಪ್ಪು ಸಿಪ್ಪೆಯನ್ನು ಮೆತ್ತಗಾಗಿಸುತ್ತದೆ, ಕಾಳು ಒಂದೇ ಹದಕ್ಕೆ ಬರುತ್ತದೆ. ಮರುದಿನ ಬೇರೇನೂ ಸೇರಿಸದೆ ಹೆಚ್ಚಿನ ಒತ್ತಡದಲ್ಲಿ 12ರಿಂದ 15 ನಿಮಿಷ, ಆಮೇಲೆ ಒತ್ತಡ ತಾನಾಗಿ ಇಳಿಯುವವರೆಗೆ ಬಿಡುತ್ತೇನೆ. ಟೊಮೆಟೊ, ನಿಂಬೆಯಂಥ ಹುಳಿ ಪದಾರ್ಥ ಈ ಹಂತದಲ್ಲಿ ಬೇಡ. ಹುಳಿ ಬಿದ್ದರೆ ಕಾಳು ಎಷ್ಟು ಬೆಂದರೂ ಗಟ್ಟಿಯಾಗಿಯೇ ಉಳಿಯುತ್ತದೆ.

ಬೆಂದ ಕಾಳು ಸಂಜೆ ನಾಲ್ಕು ದಾರಿ ಹಿಡಿಯುತ್ತದೆ. ಒಂದು ಪಾಲು ಈರುಳ್ಳಿ, ಟೊಮೆಟೊ, ಮಸಾಲೆಯ ಗೊಜ್ಜಿಗೆ. ಒಂದು ಪಾಲು ಸೌತೆಕಾಯಿ, ಸೊಪ್ಪು, ನಿಂಬೆರಸದ ಜೊತೆ ತಣ್ಣಗೆ. ಒಂದಿಷ್ಟು ಎಣ್ಣೆ ಹಾಕಿ ನುಣ್ಣಗೆ ಅರೆದರೆ ಬ್ರೆಡ್ಡಿಗೋ ರೊಟ್ಟಿಗೋ ಸವರಲು ಆಗುತ್ತದೆ. ಬೇಯಿಸಿದ ನೀರು ಸೂಪಿಗೆ ಹೋಗುತ್ತದೆ. ಖಾರ ಬೇಡದವರ ಪಾಲನ್ನು ಮೊದಲೇ ತೆಗೆದಿಟ್ಟಿರುವುದರಿಂದ ಅವರಿಗೆಂದು ಬೇರೆ ಒಲೆ ಹಚ್ಚಬೇಕಿಲ್ಲ. ಆಲೂಗಡ್ಡೆ, ಬೇಳೆ, ಮಾಂಸದ ರಸ ಎಲ್ಲಕ್ಕೂ ಇದೇ ಕ್ರಮ ನಡೆಯುತ್ತದೆ. ಎಷ್ಟು ಜನ ಬರುತ್ತಾರೆ, ಯಾರು ಏನು ತಿನ್ನುತ್ತಾರೆ ಎಂದು ಕೊನೆಯ ಗಳಿಗೆಯವರೆಗೂ ಗೊತ್ತಾಗದ ಕೂಟಗಳಿಗೆ ಈ ಪದ್ಧತಿಯಷ್ಟು ಅನುಕೂಲ ಇನ್ನೊಂದಿಲ್ಲ. ತೀರ್ಮಾನವನ್ನೆಲ್ಲ ಬಡಿಸುವ ಅರ್ಧ ಗಂಟೆ ಮುಂಚಿನವರೆಗೆ ಮುಂದೂಡಬಹುದು.

ಇನ್ನೊಂದು ಉಪಯೋಗ ಯಾವ ಕೈಪಿಡಿಯೂ ಒತ್ತಿ ಹೇಳದಿರುವುದು. ಕೆಳಗೆ ಕಾಳು ಬೇಯುತ್ತಿರುವಾಗ ಅದರ ಮೇಲೆ ಕಾಲಿರುವ ಸ್ಟ್ಯಾಂಡ್ ಇಟ್ಟು, ಸ್ಟೀಲ್ ಬಟ್ಟಲಿನಲ್ಲಿ ಅಕ್ಕಿ, ಕ್ಯಾರೆಟ್ ಚೂರು, ಹೆಚ್ಚು ನೀರು ಹಾಕಿಡಬಹುದು. ಕೆಳಗಿನದು ದೊಡ್ಡವರ ಊಟ, ಮೇಲಿನದು ಮಗುವಿನದು. ಒಂದೇ ಹಬೆ, ಒಂದೇ ಅವಧಿ.

ಈಗ ದೂರುಗಳು. ಮೊದಲನೆಯದು ರುಚಿಯದೇ. ಹಸಿ ಪದಾರ್ಥವನ್ನೆಲ್ಲ ಒಟ್ಟಿಗೆ ಸುರಿದು ಗುಂಡಿ ಒತ್ತಿದರೆ ಯಾವ ಅಡುಗೆಗೂ ಬೇಯಿಸಿದ ತರಕಾರಿಯ ಸಪ್ಪೆ ವಾಸನೆಯೇ ಬರುತ್ತದೆ. ಕಾರಣ ಸರಳವಾಗಿದೆ: ಹುರಿದಾಗ ಬರುವ ಕಂದು ಬಣ್ಣ, ಪರಿಮಳ ಚೆನ್ನಾಗಿ ಮೂಡಲು ಸುಮಾರು 140 ಡಿಗ್ರಿ ಬೇಕು, ಒದ್ದೆ ಹಬೆ 117ರ ಆಚೆ ಹೋಗುವುದಿಲ್ಲ. ಹಾಗಾಗಿ ಮುಚ್ಚಳ ಹಾಕುವ ಮೊದಲು ಈರುಳ್ಳಿಯನ್ನೋ ಮಾಂಸವನ್ನೋ ಹುರಿಯಲೇಬೇಕು. ಕುಕ್ಕರಿನಲ್ಲೇ ಹುರಿಯುವ ಗುಂಡಿ ಇದೆ, ನಿಜ. ಆದರೆ ತಳ ಕಿರಿದು, ಗೋಡೆ ಎತ್ತರ. ಮಾಂಸದ ತುಂಡುಗಳು ಒಂದರ ಮೇಲೊಂದು ಬಿದ್ದು ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯುತ್ತವೆ. ನಾಲ್ಕು ಜನರಿಗಿಂತ ಹೆಚ್ಚಿದ್ದರೆ ನಾನು ಪಕ್ಕದ ಒಲೆಯಲ್ಲಿ ಅಗಲ ಬಾಣಲೆ ಇಡುತ್ತೇನೆ. ‘ಒಂದೇ ಪಾತ್ರೆಯ ಅಡುಗೆ’ ಎಂಬ ಜಾಹೀರಾತು ಅಲ್ಲಿಗೆ ಬಿದ್ದುಹೋಯಿತು, ಊಟ ಮಾತ್ರ ಚೆನ್ನಾಗಾಯಿತು.

ನೀರಿನ ಅಂದಾಜು ಕೈಗೆ ಕೂರಲು ಸಮಯ ಹಿಡಿಯುತ್ತದೆ. ಮುಚ್ಚಿದ ಪಾತ್ರೆಯಿಂದ ಏನೂ ಆವಿಯಾಗಿ ಹೋಗುವುದಿಲ್ಲವಾದ್ದರಿಂದ ತೆರೆದ ಪಾತ್ರೆಯ ಅಳತೆ ಹಾಕಿದರೆ ಎಲ್ಲವೂ ಸಾರಿನಂತೆ ತೆಳುವಾಗುತ್ತದೆ. ಬಿಳಿ ಅಕ್ಕಿಗೆ ಒಂದಕ್ಕೆ ಒಂದು ಅಳತೆಯ ನೀರು ಸಾಕು, ಉದುರುದುರಾಗಿ ಬರುತ್ತದೆ. ಹಾಗೆಂದು ತೀರ ಕಡಿಮೆ ಮಾಡುವಂತೆಯೂ ಇಲ್ಲ: ತಳದಲ್ಲಿ ತೆಳುವಾದ ದ್ರವ ಒಂದೂವರೆ ಲೋಟವಾದರೂ ಇರದಿದ್ದರೆ ಹಬೆಯೇ ಏಳುವುದಿಲ್ಲ. ದಪ್ಪ ಟೊಮೆಟೊ ಗೊಜ್ಜು ತಳದಲ್ಲಿ ಕೂತರೆ ತಳ ಹಿಡಿದು, ಯಂತ್ರ ಎಚ್ಚರಿಕೆ ಕೊಟ್ಟು ನಿಂತುಬಿಡುತ್ತದೆ. ಹುರಿದ ಮೇಲೆ ಸ್ವಲ್ಪ ನೀರು ಹಾಕಿ ತಳಕ್ಕೆ ಅಂಟಿದ್ದನ್ನೆಲ್ಲ ಕೆರೆದು, ಗೊಜ್ಜನ್ನು ಕಲಕದೆ ಮೇಲೆ ಸುರಿದರೆ ಈ ತಾಪತ್ರಯ ಇಲ್ಲ. ಆ ಕೆರೆದದ್ದರಲ್ಲೇ ಅರ್ಧ ರುಚಿ ಇರುತ್ತದೆ, ಅದು ಬೇರೆ ಮಾತು.

ಆರು ಲೀಟರ್ ಎಂದರೆ ಆರು ಲೀಟರ್ ಅಡುಗೆ ಎಂದು ಲೆಕ್ಕ ಹಾಕಬೇಡಿ. ಮೂರನೇ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು. ಉಬ್ಬುವ, ನೊರೆ ಬರುವ ಅಕ್ಕಿ, ಬೇಳೆ, ಕಾಳಿಗೆ ಅರ್ಧವೇ ಮಿತಿ. ಅಂದರೆ ಕೈಗೆ ಸಿಗುವುದು ಮೂರು-ನಾಲ್ಕು ಲೀಟರ್. ಬೇರೆ ಪದಾರ್ಥಗಳ ಜೊತೆ ಎಂಟು ಜನರಿಗೆ ಧಾರಾಳ, ಹನ್ನೆರಡಕ್ಕೆ ಎಳೆದಾಟ. ಪ್ರಮಾಣ ಎರಡರಷ್ಟಾದರೂ ಬೇಯುವ ಅವಧಿ ಎರಡರಷ್ಟಾಗುವುದಿಲ್ಲ ಎಂಬುದೊಂದು ಸಮಾಧಾನ. ಕಾಳಿನ ಗಾತ್ರ ಬದಲಾಗಿಲ್ಲವಲ್ಲ, ಒತ್ತಡ ಏರಲು ಮಾತ್ರ ತಡವಾಗುತ್ತದೆ. ಆ ತಡವನ್ನು ಎಣಿಸದೆ ಊಟದ ಸಮಯ ಹೇಳಿದರೆ ಬಂದವರು ಕಾಯಬೇಕಾಗುತ್ತದೆ.

ಬೆಚ್ಚಗಿಡುವ ಸ್ಥಿತಿಯನ್ನು ನಾನು ಮೊದಲು ಹಗುರವಾಗಿ ನೋಡುತ್ತಿದ್ದೆ, ಈಗ ಅದಿಲ್ಲದೆ ಕೂಟವೇ ಇಲ್ಲ. ತಡವಾಗಿ ಬರುವವರು ಯಾವ ಊರಿನಲ್ಲಿಲ್ಲ? ಅಡುಗೆ 60 ಡಿಗ್ರಿಗಿಂತ ಮೇಲೆ ಇರುವವರೆಗೆ ಸೂಕ್ಷ್ಮಜೀವಿಗಳು ಬೆಳೆಯುವ ಭಯ ಇರುವುದಿಲ್ಲ. ಸೂಪು, ಗೊಜ್ಜು, ಕಾಳು ಎರಡು ಗಂಟೆ ನಿಶ್ಚಿಂತೆಯಾಗಿ ಕೂರುತ್ತವೆ. ಅನ್ನ ತಳದಲ್ಲಿ ಒಣಗಿ ಹಕ್ಕಳೆಗಟ್ಟುತ್ತದೆ. ನೂಡಲ್ಸ್, ಪಾಸ್ತಾ ಇಡುವುದೇ ಬೇಡ. ಊಟ ಮುಗಿದ ಮೇಲೆ ಉಳಿದದ್ದನ್ನು ಅದೇ ಪಾತ್ರೆಯಲ್ಲಿ ಮುಚ್ಚಿ ಬಿಡಬಾರದು. ದಪ್ಪ ತಳ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ಅಗಲ ಡಬ್ಬಿಗಳಿಗೆ ತೆಳುವಾಗಿ ಹರಡಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು.

ಒಂದು ಎಚ್ಚರಿಕೆ. ಇಂಥ ಹಲವು ಕುಕ್ಕರುಗಳಲ್ಲಿ ನಿಧಾನವಾಗಿ ಬೇಯಿಸುವ ಗುಂಡಿಯೂ ಇರುತ್ತದೆ. ರಾಜ್ಮಾವನ್ನು ಅದರಲ್ಲಿ ಹಾಕಬೇಡಿ. ಹಸಿ ರಾಜ್ಮಾದಲ್ಲಿ ವಾಂತಿಭೇದಿ ತರಿಸುವ ಲೆಕ್ಟಿನ್ ಇರುತ್ತದೆ. ಚೆನ್ನಾಗಿ ಕುದಿಸಿದರೆ ಮಾತ್ರ ಅದು ನಾಶವಾಗುತ್ತದೆ, ಅರೆಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಹೋಗುವುದಿಲ್ಲ. ಒತ್ತಡದಲ್ಲಿ ಬೇಯಿಸಿದರೆ ತೊಂದರೆ ಇಲ್ಲ.

ಬಾಳಿಕೆಯ ವಿಚಾರಕ್ಕೆ ಬಂದರೆ, ಒಳಗಿನ ಸ್ಟೀಲ್ ಪಾತ್ರೆಗೆ ಏನೂ ಆಗಿಲ್ಲ. ತಳದಲ್ಲಿ ಮೂಡುವ ಕಾಮನಬಿಲ್ಲಿನ ಬಣ್ಣ ವಿನೆಗರ್ ಹಾಕಿ ಉಜ್ಜಿದರೆ ಹೋಗುತ್ತದೆ. ನಾನ್‌ಸ್ಟಿಕ್ ಲೇಪದ ಪಾತ್ರೆ ಬರುವ ಮಾದರಿಗಳೂ ಇವೆ. ನಾನಂತೂ ಕೊಳ್ಳುವುದಿಲ್ಲ, ಅದರಲ್ಲಿ ಚಮಚದಿಂದ ತಳ ಕೆರೆಯುವಂತಿಲ್ಲ. ಸಿಲಿಕೋನ್ ಗ್ಯಾಸ್ಕೆಟ್ ಮಾತ್ರ ಸವೆಯುವ ವಸ್ತು. ವರ್ಷ, ಒಂದೂವರೆ ವರ್ಷಕ್ಕೊಮ್ಮೆ ಬದಲಿಸಬೇಕು; ಹಬೆ ಮುಚ್ಚಳದ ಅಂಚಿನಿಂದ ಸೋರತೊಡಗಿದರೆ ಅದೇ ಸೂಚನೆ. ಅದು ಮಸಾಲೆಯ ವಾಸನೆಯನ್ನು ಹೀರಿಕೊಂಡು ಬಿಡುವುದೇ ಇಲ್ಲ. ಮಾಂಸದ ಸಾರಿನ ಮರುದಿನ ಪಾಯಸ ಮಾಡಿದರೆ ಮನೆಯವರ ಮುಖ ನೋಡಬೇಕು. ಖಾರದ ಅಡುಗೆಗೊಂದು, ಸಿಹಿಗೊಂದು ಎಂದು ಎರಡು ಇಟ್ಟುಕೊಳ್ಳುವುದೇ ಪರಿಹಾರ. ಮುಚ್ಚಳವನ್ನು ಬಿಗಿದು ಇಡದೆ ಮಗುಚಿ ಇಟ್ಟರೆ ವಾಸನೆ ತುಸು ಕಡಿಮೆ.

ತಯಾರಕರ ಸೇವೆಗೆ ನನ್ನಿಂದ ಒಳ್ಳೆಯ ಮಾತು ಸಿಗದು. ಫಲಕದ ಒಂದು ಗುಂಡಿ ಕೆಟ್ಟಾಗ ಆ ಭಾಗ ಬಿಡಿಯಾಗಿ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಿ ಎಂಬ ಉತ್ತರ ಬಂತು. ಅದು ‘ಸೂಪ್’ ಎಂಬ ಗುಂಡಿ; ಅದರ ಬದಲು ಸಮಯವನ್ನು ಕೈಯಾರೆ ಹಾಕಿಕೊಂಡು ನಡೆಸುತ್ತಿದ್ದೇನೆ. ಹಾಗೆ ನೋಡಿದರೆ ಫಲಕದ ತುಂಬ ಇರುವ ಮಾಂಸ, ಕಾಳು, ಗಂಜಿ ಎಂಬ ಗುಂಡಿಗಳೆಲ್ಲ ಅಲಂಕಾರವೇ. ನಾನು ಬಳಸುವುದು ಮೂರನ್ನು: ಹುರಿಯುವುದು, ಒತ್ತಡ, ರದ್ದು. ಗುಂಡಿಗಳ ಸಂಖ್ಯೆ ನೋಡಿ ಹೆಚ್ಚು ಹಣ ಕೊಡುವವರು ಇದನ್ನು ನೆನಪಿಡಬೇಕು.

ಒಬ್ಬಂಟಿಯಾಗಿರುವವರಿಗೆ, ದಿನವೂ ಹೊತ್ತಿಗೆ ಸರಿಯಾಗಿ ಒಲೆಯ ಮುಂದೆ ನಿಲ್ಲಲು ಬೇಸರವಿಲ್ಲದವರಿಗೆ ಇದು ಬೇಡ. ಕಟ್ಟೆಯ ಮೇಲೆ ಜಾಗ ತಿನ್ನುತ್ತದೆ, ಎತ್ತಿಡಲು ಭಾರ. ಮೂರು-ನಾಲ್ಕು ಜನರ ಮನೆ, ಆಗಾಗ ಬಂದುಹೋಗುವವರು ಇದ್ದರೆ ಆರು ಲೀಟರಿನದು ಸರಿಯಾದ ಅಳತೆ. ಎಂಟು ಲೀಟರಿನದಕ್ಕೆ ತಳದಲ್ಲಿ ಹೆಚ್ಚು ನೀರು ಬೇಕು, ದಿನದ ಸಣ್ಣ ಅಡುಗೆಗೆ ಅದು ಒಗ್ಗುವುದಿಲ್ಲ. ಬೇಯಿಸುವ ಬುಟ್ಟಿ, ಮೊಟ್ಟೆಯ ಅಚ್ಚು ಮುಂತಾದ ಉಪಕರಣಗಳಿಗೆ ಹಣ ಹಾಕುವ ಬದಲು ಅದೇ ಅಳತೆಯ ಇನ್ನೊಂದು ಒಳಪಾತ್ರೆ ತೆಗೆದುಕೊಳ್ಳಿ. ಕಾಳು ಬೆಂದ ಪಾತ್ರೆಯನ್ನು ಹಾಗೆಯೇ ಹೊರತೆಗೆದು ಅನ್ನಕ್ಕೆ ಎರಡನೆಯದನ್ನು ಕೂರಿಸಬಹುದು. ಹೀಟರ್ ಆಗಲೇ ಕಾದಿರುವುದರಿಂದ ಅದು ಒತ್ತಡಕ್ಕೆ ಬೇಗ ಏರುತ್ತದೆ.