ಹುಟ್ಟುಹಬ್ಬ ಎಲ್ಲಿ ಮಾಡಬೇಕು: ಸ್ಟುಟ್‌ಗಾರ್ಟ್‌ನ ಮನೆಯಲ್ಲೋ, ಕಲಬುರಗಿಯ ಹೊಲದಲ್ಲೋ?

ರಜೆಗೆಂದು ಕಲಬುರಗಿಯ ತವರಿಗೆ ಬಂದಿದ್ದೇನೆ. ನಮ್ಮ ಓಣಿಯ ಎರಡು ಮನೆಯವರು ಈ ವರ್ಷ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೊರದೇಶಕ್ಕೆ ಹೊರಟಿದ್ದಾರೆ. ವೀಸಾ, ಬಾಡಿಗೆ ಮನೆ ಎಲ್ಲ ವಿಚಾರಿಸಿದ ಮೇಲೆ ಇಬ್ಬರೂ ಕೇಳಿದ್ದು ಒಂದೇ: ಮಗುವಿನ ಹುಟ್ಟುಹಬ್ಬಕ್ಕೆ ಊರಿಗೆ ಬರಬೇಕೋ, ಅಲ್ಲೇ ಮಾಡಬೇಕೋ? ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದ ಮೇಲೆ ಮಗನ ಹುಟ್ಟುಹಬ್ಬವನ್ನು ನಾಲ್ಕು ಬಗೆಯಲ್ಲಿ ಮಾಡಿ ನೋಡಿದ್ದೇನೆ. ಅವನು ಹುಟ್ಟಿದ್ದು 2019ರ ಡಿಸೆಂಬರ್ 30ರಂದು. ಅಲ್ಲಿ ಅದು ತೊಡಕಿನ ತಾರೀಖು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಅವನ ಶಿಶುವಿಹಾರಕ್ಕೆ ಬೀಗ, ಓರಗೆಯ ಮಕ್ಕಳೆಲ್ಲ ಅಜ್ಜ-ಅಜ್ಜಿಯರ ಊರಿನಲ್ಲಿ.

ಮೊದಲ ವರ್ಷ, 2022ರಲ್ಲಿ, ಊರಿನ ಹಾಗೆಯೇ ಮಾಡಬೇಕೆಂಬ ಹಟ ನನ್ನದು. ಎರಡು ಕೋಣೆಯ ಮನೆಗೆ ಇಪ್ಪತ್ತೆರಡು ಜನರನ್ನು ಕರೆದೆ, ಸುತ್ತಲಿನ ಕನ್ನಡದವರೇ ಹೆಚ್ಚು. ಎರಡು ದಿನ ಒಲೆಯ ಮುಂದೆ ನಿಂತು ಹೋಳಿಗೆ, ಎಣ್ಣೆಗಾಯಿ ಮಾಡಿದೆ. ಊಟ ಮುಗಿಸಿ ಕೇಕ್ ತೆಗೆಯುವ ಹೊತ್ತಿಗೆ ಮಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಬಂದವರಲ್ಲಿ ಅವನ ಗೆಳೆಯರು ಒಬ್ಬರೂ ಇರಲಿಲ್ಲ. ಗದ್ದಲವಾದೀತೆಂದು ಮೆಟ್ಟಿಲ ಬಳಿ ಚೀಟಿ ಅಂಟಿಸಿದ್ದೆ. ರಾತ್ರಿ ಹತ್ತರ ಮೇಲೆ ಅಲ್ಲಿ ಸದ್ದು ಮಾಡುವಂತಿಲ್ಲ. ಅದನ್ನು ಓದಿ ಕೆಳಮನೆಯ ಅಜ್ಜಿ ಒಂದು ಮರದ ಆಟಿಕೆ ಹಿಡಿದು ಬಾಗಿಲಿಗೆ ಬಂದರು. ಆ ಗಡಿಬಿಡಿಯಲ್ಲಿ ಅವರನ್ನು ಒಳಗೆ ಕರೆದು ಕೂಡಿಸಲಿಲ್ಲ. ಆ ಕೊರಗು ಇಂದಿಗೂ ಹೋಗಿಲ್ಲ.

ಮರುವರ್ಷ ರಜೆಗೆ ಮೊದಲೇ, ಡಿಸೆಂಬರ್ 20ಕ್ಕೆ ಇಟ್ಟುಕೊಂಡರೆ ಮಕ್ಕಳು ಸಿಗುತ್ತಾರೆ ಎಂದುಕೊಂಡೆವು. ಬೇಡವೇ ಬೇಡ ಎಂದು ತಡೆದವರು ಅದೇ ಅಜ್ಜಿ. ಹುಟ್ಟಿದ ದಿನಕ್ಕೆ ಮುಂಚೆ ಹರಸಿದರೆ ಮಗುವಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿದೆ; ತಡವಾಗಿ ಮಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಜನವರಿಯಲ್ಲಿ ಆಟದ ಹಾಲ್ ಹಿಡಿದೆವು. ಮಗುವೊಂದಕ್ಕೆ 20 ಯೂರೊ, ಎರಡು ತಾಸು, ಆಲೂಗಡ್ಡೆ ಫ್ರೈಸ್, ಜ್ಯೂಸ್. ಭಾಷೆ ಬಾರದ ತಾಯಿಗೆ ಇದು ಸುಲಭ, ಬೇರೆ ತಾಯಂದಿರ ಮೊಬೈಲ್ ಸಂಖ್ಯೆಗಳೂ ಸಿಕ್ಕವು. ಆದರೆ ಮಕ್ಕಳು ಜಾರುಬಂಡೆಗಳ ನಡುವೆ ಚದುರಿಹೋದರು. ಯಾರ ಹುಟ್ಟುಹಬ್ಬ ಎಂಬುದೇ ಯಾರಿಗೂ ನೆನಪಿರಲಿಲ್ಲ.

2024ರಲ್ಲಿ ಊರಿಗೆ ಬಂದೆವು. ಆ ವರ್ಷ ಡಿಸೆಂಬರ್ 30ರಂದೇ ಎಳ್ಳ ಅಮಾವಾಸ್ಯೆ ಬಿದ್ದಿತ್ತು. ಕ್ರಿಸ್‌ಮಸ್ ಹೊತ್ತಿನ ಟಿಕೆಟ್ ದರ ದುಪ್ಪಟ್ಟಿನ ಹತ್ತಿರ. ಹೈದರಾಬಾದ್‌ನಲ್ಲಿ ಇಳಿದು ಮತ್ತೆ ಐದು ತಾಸು ಕಾರು. ಬಂದ ಮರುದಿನವೇ ಮಗನಿಗೆ ಜ್ವರ. ಇಷ್ಟು ಹೇಳಿದ ಮೇಲೂ ಆ ದಿನದ ಮುಂದೆ ಉಳಿದವು ಸಪ್ಪೆ ಎನ್ನುತ್ತೇನೆ. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಮನೆಯಲ್ಲಿ ಉಳಿಯುವವರು ಕಡಿಮೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ, ಜೊತೆಗೆ ಹಸಿ ತೊಗರಿ, ಅವರೆ, ಮೆಂತ್ಯ ಸೊಪ್ಪು ಎಲ್ಲ ಕಡಲೆ ಹಿಟ್ಟಿನಲ್ಲಿ ಕುದಿಸಿದ ಭಜ್ಜಿ. ಬಿಳಿಜೋಳ ಮಗನ ತಲೆಗಿಂತ ಎತ್ತರ ನಿಂತಿತ್ತು. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲುಗಳಿಗೆ, ಪಾಂಡವರಿಗೆ, ಪೂಜೆಯಾದ ಮೇಲೆ ನಮ್ಮ ಅಪ್ಪ ಚರಗದ, ಅಂದರೆ ಹೊಲಕ್ಕೆ ಬೀರುವ ನೈವೇದ್ಯದ, ಬುಟ್ಟಿಯನ್ನು ಅವನ ಕೈಗೇ ಕೊಟ್ಟರು. ಮಗ ಮುಂದೆ, ತಂಬಿಗೆಯ ನೀರು ಚಿಮುಕಿಸುತ್ತ ಮುತ್ಯಾ, ಅಂದರೆ ಅಜ್ಜ, ಹಿಂದೆ. ಭೂಮಿತಾಯಿಗೆ ಉಣ್ಣಿಸುವುದು ಎಂದರೆ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಹಿಡಿ ತುಂಬ ಭಜ್ಜಿ-ಕಡಬು ತೆಗೆದು ಬೆಳೆಯೊಳಗೆ ಬೀರುತ್ತ, ಬದುವಿನ ಉದ್ದಕ್ಕೂ ಕೂಗುತ್ತ ನಡೆದ. ಸಂಜೆ ಅವನ ಮಾಮಾ ಬೇಕರಿಯಿಂದ ಕೇಕ್ ತಂದರೆ ಎರಡು ತುತ್ತು ತಿಂದು ಬಿಟ್ಟ.

ಆದರೆ ಪ್ರತಿ ವರ್ಷ ಹೀಗೆ ಬರಲಾಗದು. ತಿಥಿಯೂ ತಾರೀಖೂ ಪ್ರತಿ ವರ್ಷ ಕೂಡಿ ಬರುವುದಿಲ್ಲ. ಇನ್ನೂ ದೊಡ್ಡ ಮಾತು ಒಂದಿದೆ. ಅವನು ಬಾಳುವುದು, ಕಲಿಯುವುದು, ಜಗಳ ಆಡುವುದು ಎಲ್ಲ ಸ್ಟುಟ್‌ಗಾರ್ಟ್‌ನ ಮಕ್ಕಳೊಂದಿಗೆ. ಅವರ ನಡುವೆ ಅವನಿಗೂ ಒಂದು ದಿನ ಬೇಡವೇ?

ಹಾಗಾಗಿ ಆರನೆಯ ಹುಟ್ಟುಹಬ್ಬವನ್ನು ಅಲ್ಲಿನ ಪದ್ಧತಿಯಂತೆ ಮನೆಯಲ್ಲೇ ಮಾಡಿದೆವು, 2026ರ ಜನವರಿಯ ಎರಡನೆಯ ಶನಿವಾರ. ವಯಸ್ಸು ಎಷ್ಟೋ ಅಷ್ಟೇ ಮಕ್ಕಳನ್ನು ಕರೆಯುವ ರೂಢಿ ಅಲ್ಲಿದೆ. ಆರು ಮಕ್ಕಳು, ನಾನೇ ಬೇಯಿಸಿದ ಒಂದು ಕೇಕ್, ಕೆಳಮನೆಯ ಅಜ್ಜಿಗೆ ಈ ಸಲ ಮೊದಲ ಕುರ್ಚಿ. ಯಾರಿಗೆ ಏನು ಆಗದು ಎಂದು ಮೊದಲೇ ಎಲ್ಲ ತಾಯಂದಿರನ್ನು ಕೇಳಬೇಕು, ಇದನ್ನು ಮರೆಯಬೇಡಿ. ಒಬ್ಬ ಹುಡುಗನಿಗೆ ಶೇಂಗಾ ಆಗುತ್ತಿರಲಿಲ್ಲ. ಅವ್ವ ಕಳಿಸಿದ್ದ ಶೇಂಗಾ ಹೋಳಿಗೆಯನ್ನು ಎತ್ತಿಟ್ಟು, ಎಳ್ಳು ಎಲ್ಲರಿಗೂ ಆಗುತ್ತದೆ ಎಂದು ಖಚಿತ ಮಾಡಿಕೊಂಡು ಬೆಲ್ಲ ಹಾಕಿ ಉಂಡೆ ಕಟ್ಟಿದೆ. ಖರ್ಚು ಹಾಲ್‌ನ ಅರ್ಧವೂ ಆಗಲಿಲ್ಲ.

ಹೊಸದಾಗಿ ಹೋಗುವವರಿಗೆ ನಾನು ಹೇಳುವುದು ಇದನ್ನೇ: ಮೊದಲ ವರ್ಷದಿಂದಲೇ ಹೀಗೆ ಮಾಡಿ, ಕೈಯಲ್ಲಿ ಹಣ ಕೂಡಿದ ವರ್ಷ ಊರಿನ ಹಬ್ಬಕ್ಕೆ ಬನ್ನಿ. ದೊಡ್ಡವರ ಔತಣವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಅಲ್ಲಿನ ಮಕ್ಕಳು ಟೋಪ್ಫ್‌ಶ್ಲಾಗನ್ ಎಂಬ ಆಟ ಆಡುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅಂಬೆಗಾಲಲ್ಲಿ, ಮರದ ಸೌಟಿನಿಂದ ನೆಲ ಬಡಿಯುತ್ತ ಬೋರಲು ಹಾಕಿದ ಪಾತ್ರೆಯನ್ನು ಹುಡುಕಬೇಕು; ಅದರ ಕೆಳಗೆ ತಿನಿಸು. ಹತ್ತಿರ ಬಂದರೆ ಉಳಿದವರು ಬಿಸಿ ಎಂದು, ದೂರ ಹೋದರೆ ತಣ್ಣಗೆ ಎಂದು ಕೂಗಬೇಕು. ಆ ಶನಿವಾರ ಮಧ್ಯಾಹ್ನ ಮೂರಕ್ಕೆ, ಕಲಬುರಗಿಯಲ್ಲಿ ರಾತ್ರಿ ಏಳೂವರೆಗೆ, ನನ್ನ ಅವ್ವನಿಗೆ, ಮಗನ ಆಯಿಗೆ, ವಿಡಿಯೊ ಕರೆ ಮಾಡಿ ಆಟದ ನಿಯಮ ಹೇಳಿ ಮೊಬೈಲನ್ನು ಕಪಾಟಿಗೆ ಒರಗಿಸಿದ್ದೆ. ಮಗನ ಸರದಿ ಬಂತು. ಆರು ಮಕ್ಕಳು ಜರ್ಮನ್‌ನಲ್ಲಿ ಒಟ್ಟಿಗೆ ಕಿರುಚುತ್ತಿದ್ದರು, ಅವನು ಸುತ್ತಿದಲ್ಲೇ ಸುತ್ತುತ್ತಿದ್ದ. ಅಷ್ಟರಲ್ಲಿ ಮೊಬೈಲಿನಿಂದ ಆಯಿಯ ದನಿ, "ಬಿಸಿ, ಬಿಸಿ, ಬಿಸಿ!" ಅವನು ತಟಕ್ಕನೆ ನಿಂತು, ತಲೆಯನ್ನು ಆ ದನಿಯತ್ತ ವಾಲಿಸಿ ಒಂದು ಮೊಳ ಮುಂದೆ ಸರಿದ. ಸೌಟು ಪಾತ್ರೆಗೆ ಠಣ್ಣೆಂದು ಬಡಿಯಿತು.